ಯಕೃತ್ತಿನ ಕ್ಯಾನ್ಸರ್: ಬದಲಿ ಅಂಗ ಎಷ್ಟು ಕಾಲ ಬಾಳೀತು?

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಔರಾದ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ತೊಗರಿ, ಸೋಯಾ ಬೆಳೆಯುವ ರೈತರೊಬ್ಬರು, ವಯಸ್ಸು 52. ಮಗ ಬೀದರಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದಾನೆ. ಮಗಳು ಪಿ.ಯು.ಸಿ. ಹೆಂಡತಿಯ ತಮ್ಮ ಭಾಲ್ಕಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾರೆ. ಕೆಲವು ತಿಂಗಳಿಂದ ರೈತರಿಗೆ ಊಟ ರುಚಿಸುತ್ತಿಲ್ಲ, ಸಂಜೆಯಾದರೆ ಕಾಲು ಬಾತುಕೊಳ್ಳುತ್ತದೆ. ಬೀದರಿನಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಆಯಿತು. ಅಲ್ಲಿಂದ ಹೈದರಾಬಾದಿಗೆ ಹೋಗಿ ಸಿ.ಟಿ. ಸ್ಕ್ಯಾನ್ ಕೂಡ ಆಯಿತು. ವೈದ್ಯರು ಕುಟುಂಬವನ್ನು ಕೂರಿಸಿಕೊಂಡು ಹೇಳಿದರು: "ಯಕೃತ್ತಿನಲ್ಲಿ ನಾಲ್ಕು ಸೆಂಟಿಮೀಟರಿನ ಕ್ಯಾನ್ಸರ್ ಗಡ್ಡೆ ಇದೆ. ಯಕೃತ್ತನ್ನೇ ಬದಲಾಯಿಸಬಹುದು. ಹಾಗೆ ಮಾಡಿದರೆ ಐದು ವರ್ಷದ ಬದುಕಿನ ಪ್ರಮಾಣ ನೂರಕ್ಕೆ ಎಪ್ಪತ್ತೈದು."

ಮನೆಗೆ ಮರಳಿದ ರಾತ್ರಿ ಭಾಲ್ಕಿಯ ಮಾಮಾ ಕೇಳುತ್ತಾರೆ: "ಐದು ವರ್ಷದ ಸಲುವಾಗಿ ಹೊಲ ಮಾರಬೇಕೇನು ಅಕ್ಕಾ?" ತಾಯಿಯ ಎಣಿಕೆ ಬೇರೆ: "ನೂರಕ್ಕ ಎಪ್ಪತ್ತೈದು ಅಂದ್ರ ಫಸ್ಟ್ ಕ್ಲಾಸ್ ಅಲ್ಲೇನು ತಮ್ಮಾ? ಆರಾಮ ಆಗ್ತಾರಲ್ಲ?" ವೈದ್ಯರ ಮಾತು ಒಂದೇ, ಕೇಳಿಸಿಕೊಂಡವರು ಇಬ್ಬರು, ಅರ್ಥ ಎರಡು. ನಿಜ ಹೇಳಬೇಕೆಂದರೆ ಎರಡು ಅರ್ಥವೂ ತಪ್ಪು. ಸರಿಯಾದ ಅರ್ಥವನ್ನು ಬಿಡಿಸಿ ಹೇಳಬೇಕಾದ ಹೊಣೆ ವಿಜ್ಞಾನ ಓದುತ್ತಿರುವ ಮಗನ ಮೇಲೆ ಬೀಳುತ್ತದೆ. ಅವನಿಗೆ ಬೇಕಾಗುವ ವಿಜ್ಞಾನ ಮತ್ತು ಗಣಿತವೇ ಈ ವಾರದ ವಿಷಯ.

ಒಂದೂವರೆ ಕಿಲೋ ಕಾರ್ಖಾನೆ

ಮಟನ್ ಅಂಗಡಿಯಲ್ಲಿ ಕಲೇಜಿ ಎಂದು ಕೇಳಿ ಪಡೆಯುವ ಅಂಗವೇ ಯಕೃತ್ತು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಪಿತ್ತಜನಕಾಂಗ ಎಂಬ ಹೆಸರೂ ಉಂಟು. ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಕುಳಿತಿರುವ ಇದು ದೇಹದೊಳಗಿನ ಅತಿ ದೊಡ್ಡ ಅಂಗ. ವಯಸ್ಕರಲ್ಲಿ ಇದರ ತೂಕ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋಗ್ರಾಂ. ಕರುಳು ಹೀರಿಕೊಂಡ ಆಹಾರದ ಸಾರವೆಲ್ಲ ರಕ್ತದ ಮೂಲಕ ಮೊದಲು ಇಲ್ಲಿಗೆ ಬರುತ್ತದೆ. ಸಕ್ಕರೆಯನ್ನು ಕೂಡಿಡುವುದು, ಪಿತ್ತರಸವನ್ನು ಸ್ರವಿಸುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು, ವಿಷವಸ್ತುಗಳನ್ನು ಕಳೆಯುವುದು, ಹೀಗೆ ನೂರಾರು ಕೆಲಸಗಳು ಅದರ ಪಾಲಿಗೆ. ಮೂತ್ರಪಿಂಡ ಕೆಟ್ಟರೆ ಡಯಾಲಿಸಿಸ್ ಯಂತ್ರವಾದರೂ ಇದೆ. ಯಕೃತ್ತಿನ ಎಲ್ಲ ಕೆಲಸಗಳನ್ನು ವರ್ಷಗಟ್ಟಲೆ ಮಾಡಬಲ್ಲ ಯಂತ್ರ ಇನ್ನೂ ಇಲ್ಲ.

ಇದಕ್ಕೆ ಇನ್ನೊಂದು ವಿಶೇಷ ಗುಣವಿದೆ. ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆದರೂ ಆರೋಗ್ಯವಂತ ಯಕೃತ್ತು ಕೆಲವೇ ತಿಂಗಳಲ್ಲಿ ಹೆಚ್ಚು ಕಡಿಮೆ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ. ಬದುಕಿರುವ ಮಗ ತಂದೆಗೆ ಯಕೃತ್ತು ಕೊಡಲು ಸಾಧ್ಯವಾಗುವುದು ಈ ಗುಣದಿಂದಲೇ.

ಗಡ್ಡೆ ತೆಗೆದರೆ ಸಾಲದೆ?

ಗಡ್ಡೆಯನ್ನಷ್ಟೇ ಕತ್ತರಿಸಿದರೆ ಸಾಲದೆ, ಇಡೀ ಯಕೃತ್ತನ್ನು ಏಕೆ ಬದಲಿಸಬೇಕು? ಕೇಳಲೇಬೇಕಾದ ಪ್ರಶ್ನೆ ಇದು. ಉತ್ತರ ಹೊಲದಲ್ಲೇ ಇದೆ. ಕಳೆಯ ಬೀಜ ತುಂಬಿದ ಹೊಲದಲ್ಲಿ ಒಂದು ಗಿಡ ಕಿತ್ತರೆ ಮುಂದಿನ ಮಳೆಗೆ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರ್ ಬಹುಪಾಲು ರೋಗಿಗಳಲ್ಲಿ ಆರೋಗ್ಯವಂತ ಯಕೃತ್ತಿನಲ್ಲಿ ಹುಟ್ಟುವುದಿಲ್ಲ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಮದ್ಯ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನೊಂದಿಗೆ ಬರುವ ಕೊಬ್ಬು, ಇವುಗಳಲ್ಲಿ ಯಾವುದೋ ಒಂದು ಕಾರಣದಿಂದ ಅಂಗ ಹತ್ತಾರು ವರ್ಷ ಗಾಯಗೊಂಡು, ಮಾಯ್ದು, ಮತ್ತೆ ಗಾಯಗೊಂಡು, ಕೊನೆಗೆ ಗಂಟುಗಂಟಾಗಿ ಗಡುಸಾಗುತ್ತದೆ. ಇದೇ ಸಿರೋಸಿಸ್. ಕ್ಯಾನ್ಸರಿನ ಬೀಜ ಮೊಳೆಯುವುದು ಈ ನೆಲದಲ್ಲಿ. ಬೂಷ್ಟು ಹಿಡಿದ ಶೇಂಗಾ ಮತ್ತು ಮೆಕ್ಕೆಜೋಳದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವೂ ಹೆಪಟೈಟಿಸ್ ಬಿ ಇದ್ದವರಲ್ಲಿ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತದೆ.

ಸಿರೋಸಿಸ್ ಮುಂದುವರಿದ ರೋಗಿಯಲ್ಲಿ ಗಡ್ಡೆಯಿರುವ ಭಾಗವನ್ನು ಕತ್ತರಿಸಿದರೆ ಉಳಿದ ಭಾಗಕ್ಕೆ ದೇಹವನ್ನು ನಡೆಸುವ ಶಕ್ತಿ ಇರುವುದಿಲ್ಲ. ನಡೆಸಿದರೂ ಅಲ್ಲಿ ಹೊಸ ಗಡ್ಡೆ ಏಳುವ ಸಂಭವ ಹೆಚ್ಚು. ಕಸಿಯಿಂದ ಗಡ್ಡೆಯೂ ಹೋಗುತ್ತದೆ, ಅದು ಹುಟ್ಟಿದ ನೆಲವೂ ಹೋಗುತ್ತದೆ. ಒಂದೇ ಶಸ್ತ್ರಕ್ರಿಯೆಯಲ್ಲಿ ಎರಡು ರೋಗಗಳಿಗೆ ಚಿಕಿತ್ಸೆ ದೊರೆತಂತಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೇರೆ ಅಂಗದಲ್ಲಿ ಹುಟ್ಟಿ ಯಕೃತ್ತಿಗೆ ಹರಡಿದ ಕ್ಯಾನ್ಸರಿನ ಕಥೆಯೇ ಬೇರೆ. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರಿಗೆ 2009ರಲ್ಲಿ ಯಕೃತ್ತಿನ ಕಸಿಯಾಯಿತು. 2011ರಲ್ಲಿ ಅವರು ತೀರಿಕೊಂಡರು. ಅವರ ಗಡ್ಡೆ ಮೊದಲು ಕಾಣಿಸಿದ್ದು ಮೇದೋಜೀರಕ ಗ್ರಂಥಿಯಲ್ಲಿ. ಹಾಗಾಗಿ ಅವರ ಉದಾಹರಣೆಯಿಂದ ಔರಾದಿನ ರೈತರ ಭವಿಷ್ಯವನ್ನು ಅಳೆಯುವಂತಿಲ್ಲ.

ಡೆನ್ವರ್‌ನಿಂದ ಮಿಲಾನ್‌ವರೆಗೆ

ಮನುಷ್ಯರಲ್ಲಿ ಮೊದಲ ಯಕೃತ್ತಿನ ಕಸಿ ನಡೆದದ್ದು 1963ರ ಮಾರ್ಚ್ 1ರಂದು, ಅಮೆರಿಕದ ಡೆನ್ವರ್ ನಗರದಲ್ಲಿ. ಶಸ್ತ್ರವೈದ್ಯ ಥಾಮಸ್ ಸ್ಟಾರ್ಜಲ್. ರೋಗಿ ಮೂರು ವರ್ಷದ ಮಗು. ರಕ್ತಸ್ರಾವ ನಿಲ್ಲದೆ ಮಗು ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಕೊನೆಯುಸಿರೆಳೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಕಸಿಯಾದ ಎರಡನೆಯ ರೋಗಿಗೆ ಇದ್ದದ್ದು ಯಕೃತ್ತಿನ ಕ್ಯಾನ್ಸರ್. ಆತ ಬದುಕಿದ್ದು 22 ದಿನ.

1967ರ ಜುಲೈನಲ್ಲಿ ಸ್ಟಾರ್ಜಲ್ ಅವರು ಕ್ಯಾನ್ಸರಿನಿಂದ ಬಳಲುತ್ತಿದ್ದ ಒಂದೂವರೆ ವರ್ಷದ ಹೆಣ್ಣುಮಗುವಿಗೆ ಕಸಿ ಮಾಡಿದರು. ಮಗು ಚೇತರಿಸಿಕೊಂಡು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿತು. ಕಸಿ ಸಾಧ್ಯ ಎಂದು ಜಗತ್ತು ನಂಬಿದ್ದು ಆಗ. ಆದರೆ ಆ ಮಗುವನ್ನು ಕೊನೆಗೆ ಬಲಿ ತೆಗೆದುಕೊಂಡದ್ದು ಮರುಕಳಿಸಿ ಹರಡಿದ ಕ್ಯಾನ್ಸರೇ. ಹೊಸ ಯಕೃತ್ತು ಸೋಲಲಿಲ್ಲ, ಹಳೆಯ ರೋಗ ಬಿಡಲಿಲ್ಲ. ಮುಂದಿನ ಮೂವತ್ತು ವರ್ಷ ವೈದ್ಯರು ಬಿಡಿಸಬೇಕಾಗಿದ್ದ ಒಗಟು ಈ ಒಂದೇ ಪ್ರಕರಣದಲ್ಲಿತ್ತು.

ಒಗಟಿನ ಒಂದು ಭಾಗವನ್ನು ಬಿಡಿಸಿದ್ದು ಮಣ್ಣು. ಬೀದರಿನ ಮಕ್ಕಳಿಗೆ ಮಣ್ಣಿನ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ಕೋಟೆಯ ಮಣ್ಣು ಮತ್ತು ನವಸಾಗರ ಕೂಡಿದಾಗಲೇ ಬಿದರಿ ಪಾತ್ರೆಗೆ ಅದರ ಕಪ್ಪು ಬಣ್ಣ ಬರುವುದು. ಹಾಗೆಯೇ 1970ರ ಸುಮಾರಿನಲ್ಲಿ ನಾರ್ವೆಯ ಪ್ರಸ್ಥಭೂಮಿಯೊಂದರಿಂದ ತಂದ ಹಿಡಿ ಮಣ್ಣಿನಲ್ಲಿದ್ದ ಶಿಲೀಂಧ್ರದಿಂದ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ವಿಜ್ಞಾನಿಗಳು ಸೈಕ್ಲೋಸ್ಪೋರಿನ್ ಎಂಬ ಔಷಧಿಯನ್ನು ಬೇರ್ಪಡಿಸಿದರು. ಪರರ ಅಂಗವನ್ನು ಶತ್ರುವೆಂದು ಭಾವಿಸಿ ದಾಳಿ ಮಾಡುವ ದೇಹದ ರೋಗನಿರೋಧಕ ಶಕ್ತಿಯನ್ನು ಅದು ಹದ್ದುಬಸ್ತಿನಲ್ಲಿಡುತ್ತದೆ. 1980ರಿಂದ ಸ್ಟಾರ್ಜಲ್ ಅದನ್ನು ಬಳಸತೊಡಗಿದ ಮೇಲೆ ಒಂದು ವರ್ಷ ಬದುಕುವವರ ಪ್ರಮಾಣ ನೂರಕ್ಕೆ ಸುಮಾರು 30ರಿಂದ 70ಕ್ಕೆ ಏರಿತು. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಟ್ಯಾಕ್ರೋಲಿಮಸ್ ಬಂತು. ಇಂದು ಕಸಿಯಾದ ಬಹುಪಾಲು ರೋಗಿಗಳು ನುಂಗುವ ಮಾತ್ರೆ ಅದು.

ಆದರೆ ಒಗಟಿನ ಇನ್ನೊಂದು ಭಾಗ ಹಾಗೆಯೇ ಉಳಿದಿತ್ತು. ಎಂಬತ್ತರ ದಶಕದಲ್ಲಿ ಎಷ್ಟೇ ದೊಡ್ಡ ಗಡ್ಡೆಯಿದ್ದವರಿಗೂ ಕಸಿ ಮಾಡಲಾಗುತ್ತಿತ್ತು. ಬಹಳ ಮಂದಿಗೆ ಕ್ಯಾನ್ಸರ್ ಮರಳಿ ಬಂತು. ಐದು ವರ್ಷದ ಕೊನೆಗೆ ಅರ್ಧದಷ್ಟು ಜನರೂ ಉಳಿಯುತ್ತಿರಲಿಲ್ಲ. ದಾನವಾಗಿ ಬಂದ ಅಪರೂಪದ ಅಂಗಗಳನ್ನು ಕ್ಯಾನ್ಸರ್ ರೋಗಿಗಳಿಗೆ ಕೊಡುವುದು ಸರಿಯೇ ಎಂದು ವೈದ್ಯರೇ ಪ್ರಶ್ನಿಸತೊಡಗಿದರು.

1996ರ ಮಾರ್ಚ್‌ನಲ್ಲಿ ಇಟಲಿಯ ಮಿಲಾನ್ ನಗರದ ವಿಂಚೆಂಜೊ ಮಜ್ಜಾಫೆರೊ ಮತ್ತು ಸಂಗಡಿಗರು ಕೇವಲ 48 ರೋಗಿಗಳ ಅನುಭವವನ್ನು ಪ್ರಕಟಿಸಿದರು. ಅವರು ಹಾಕಿಕೊಂಡ ನಿಯಮ ಸರಳವಾಗಿತ್ತು. ಗಡ್ಡೆ ಒಂದೇ ಆಗಿದ್ದರೆ 5 ಸೆಂಟಿಮೀಟರ್ ಮೀರಿರಬಾರದು. ಎರಡು ಅಥವಾ ಮೂರು ಇದ್ದರೆ ಯಾವುದೂ 3 ಸೆಂಟಿಮೀಟರ್ ಮೀರಿರಬಾರದು. ದೊಡ್ಡ ರಕ್ತನಾಳಗಳಿಗೆ ನುಗ್ಗಿರಬಾರದು, ಬೇರೆ ಅಂಗಗಳಿಗೆ ಹರಡಿರಬಾರದು. ಹೀಗೆ ಆಯ್ದ ರೋಗಿಗಳಲ್ಲಿ ನಾಲ್ಕು ವರ್ಷದ ಕೊನೆಗೆ ನೂರಕ್ಕೆ 75 ಮಂದಿ ಬದುಕಿದ್ದರು. ಕಸಿಯ ಬಳಿಕ ತೆಗೆದ ಯಕೃತ್ತನ್ನು ಕತ್ತರಿಸಿ ನೋಡಿದಾಗ ಕೆಲವರ ಗಡ್ಡೆ ಸ್ಕ್ಯಾನಿನಲ್ಲಿ ಕಂಡದ್ದಕ್ಕಿಂತ ದೊಡ್ಡದಿತ್ತು. ನಿಜವಾಗಿಯೂ ಮಿತಿಯೊಳಗಿದ್ದವರಲ್ಲಿ ನಾಲ್ಕು ವರ್ಷ ಬದುಕಿದವರು ನೂರಕ್ಕೆ 85. ಮಿತಿ ಮೀರಿದ್ದವರಲ್ಲಿ 50. ಶಸ್ತ್ರವೈದ್ಯರು ಅವರೇ, ಔಷಧಿಯೂ ಅದೇ. ಬೇರೆಯಾಗಿದ್ದದ್ದು ಗಡ್ಡೆಯ ಅಳತೆ ಮಾತ್ರ.

"ಮಿಲಾನ್ ಮಾನದಂಡ" ಎಂದು ಹೆಸರಾದ ಈ ನಿಯಮವನ್ನು ಜಗತ್ತಿನ ಬಹುತೇಕ ಕಸಿ ಕೇಂದ್ರಗಳು ಒಪ್ಪಿಕೊಂಡವು. ಆ ಮಿತಿಯೊಳಗಿನ ರೋಗಿಗಳಲ್ಲಿ ಐದು ವರ್ಷದ ಬದುಕಿನ ಪ್ರಮಾಣ ಇಂದು ಸಾಮಾನ್ಯವಾಗಿ ನೂರಕ್ಕೆ 70ರಿಂದ 80. ಹೈದರಾಬಾದಿನ ವೈದ್ಯರು ಹೇಳಿದ ಎಪ್ಪತ್ತೈದು ಬಂದದ್ದು ಇಲ್ಲಿಂದ.

ನೌಬಾದಿನ ಕರೇಜ್ ಹೇಳುವ ಪಾಠ

ರಕ್ತನಾಳಕ್ಕೆ ನುಗ್ಗಿರಬಾರದು ಎಂಬ ಷರತ್ತು ಏಕೆ? ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದಡಿಯ ಕಾಲುವೆಯಲ್ಲಿ ನೀರು ಹರಿಯುತ್ತದೆ. ಸಾಲಾಗಿ ತೋಡಿದ ಬಾವಿಗಳು ಮೇಲಿನಿಂದ ಅದನ್ನು ಮುಟ್ಟುತ್ತವೆ. ಮೇಲಿನ ಬಾವಿಯಲ್ಲಿ ಬಿದ್ದ ಬಣ್ಣ ಕೆಳಗಿನ ಬಾವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮೇಲಿನದನ್ನು ಮುಚ್ಚಿಬಿಟ್ಟರೂ ಹರಿದುಹೋದ ಬಣ್ಣ ಮರಳಿ ಬಾರದು. ರಕ್ತನಾಳವೂ ಹಾಗೆ. ಕ್ಯಾನ್ಸರ್ ಕೋಶಗಳು ಅದರೊಳಗೆ ಇಳಿದವೆಂದರೆ ಹೃದಯ ಹಾಯ್ದು ಶ್ವಾಸಕೋಶ, ಮೂಳೆಗಳನ್ನು ಸೇರಿರಬಹುದು. ಯಕೃತ್ತನ್ನು ಬದಲಿಸಿದರೂ ಅವು ಅಲ್ಲಿಯೇ ಇರುತ್ತವೆ. ಸಾಲದ್ದಕ್ಕೆ, ಹೊಸ ಅಂಗವನ್ನು ಕಾಪಾಡಲು ಕೊಡುವ ಮಾತ್ರೆ ದೇಹದ ಕಾವಲುಗಾರರನ್ನು ಮಂಕಾಗಿಸಿರುತ್ತದೆ.

ಇದರಿಂದಾಗಿಯೇ ಮಿತಿಯೊಳಗಿದ್ದು ಕಸಿಯಾದವರಲ್ಲಿಯೂ ನೂರಕ್ಕೆ ಸುಮಾರು 10ರಿಂದ 15 ಮಂದಿಗೆ ಕ್ಯಾನ್ಸರ್ ಮರಳುತ್ತದೆ. ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ. ಆದ್ದರಿಂದ ಆ ಅವಧಿಯಲ್ಲಿ ನಿಯಮಿತವಾಗಿ ಸ್ಕ್ಯಾನ್ ಮಾಡಿಸುವುದನ್ನೂ, ಆಲ್ಫಾ ಫೀಟೊಪ್ರೋಟೀನ್ ಎಂಬ ರಕ್ತಪರೀಕ್ಷೆಯನ್ನೂ ತಪ್ಪಿಸಬಾರದು.

ಮಿತಿ ಮೀರಿದವರಿಗೆ ಬಾಗಿಲು ಪೂರ್ತಿ ಮುಚ್ಚಿದೆಯೆಂದಲ್ಲ. ಗಡ್ಡೆಗೆ ರಕ್ತ ಒಯ್ಯುವ ಧಮನಿಯೊಳಗೆ ಔಷಧಿ ಬಿಟ್ಟು ಅದನ್ನು ಕುಗ್ಗಿಸುವ ವಿಧಾನಗಳಿವೆ. ಇಟಲಿಯ ಕೇಂದ್ರಗಳಲ್ಲಿ ಹೀಗೆ ಗಡ್ಡೆ ಕುಗ್ಗಿದ 45 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಸಿ, ಇನ್ನೊಂದಕ್ಕೆ ಕಸಿಯಿಲ್ಲದ ಚಿಕಿತ್ಸೆ ನಿಗದಿ ಮಾಡಲಾಯಿತು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಐದು ವರ್ಷದ ಬದುಕಿನ ಪ್ರಮಾಣ ಕಸಿಯ ಗುಂಪಿನಲ್ಲಿ ನೂರಕ್ಕೆ 77.5, ಇನ್ನೊಂದರಲ್ಲಿ 31.2.

ನೂರಕ್ಕೆ ಎಪ್ಪತ್ತೈದು ಎಂದರೇನು?

ಈಗ ಮಾಮಾ ಅವರ ಪ್ರಶ್ನೆಗೆ ಬರೋಣ. ಐದು ವರ್ಷದ ಬದುಕಿನ ಪ್ರಮಾಣ ಎಂದರೆ ರೋಗಿ ಐದೇ ವರ್ಷ ಬದುಕುತ್ತಾನೆ ಎಂದಲ್ಲ. ಇಂಥದೇ ಸ್ಥಿತಿಯ ನೂರು ಮಂದಿಗೆ ಕಸಿ ಮಾಡಿದರೆ, ಐದನೆಯ ವರ್ಷ ಮುಗಿದ ದಿನ ಅವರಲ್ಲಿ ಎಷ್ಟು ಮಂದಿ ಬದುಕಿದ್ದಾರೆ ಎಂಬ ಎಣಿಕೆ ಅಷ್ಟೆ. ಐದು ವರ್ಷ ಎಂಬುದು ಹಾದಿಯಲ್ಲಿ ನೆಟ್ಟ ಮೈಲುಗಲ್ಲು. ಅಲ್ಲಿಗೆ ಹಾದಿ ಮುಗಿಯುವುದಿಲ್ಲ. ಅದನ್ನು ದಾಟಿ ಹತ್ತು, ಇಪ್ಪತ್ತು ವರ್ಷ ಬದುಕಿದವರೂ ಇದ್ದಾರೆ.

ಲೆಕ್ಕ ಹಾಕುವ ಕ್ರಮ ಹೀಗೆ. ಅರ್ಥವಾಗಲೆಂದು ಒಂದು ಕಲ್ಪಿತ ಗುಂಪನ್ನು ತೆಗೆದುಕೊಳ್ಳೋಣ. ಮೊದಲ ವರ್ಷ ದಾಟುವವರು ನೂರಕ್ಕೆ 90. ಹಾಗೆ ದಾಟಿದವರಲ್ಲಿ ಎರಡನೆಯ ವರ್ಷ ದಾಟುವವರು ನೂರಕ್ಕೆ 94, ಮೂರನೆಯದು 95, ನಾಲ್ಕನೆಯದು 97, ಐದನೆಯದೂ 97. ಈ ಭಿನ್ನರಾಶಿಗಳನ್ನು ಒಂದರಿಂದೊಂದು ಗುಣಿಸುತ್ತ ಹೋದರೆ ವರ್ಷದಿಂದ ವರ್ಷಕ್ಕೆ 90, 84.6, 80.4, 78.0 ಮತ್ತು ಕೊನೆಗೆ 75.6 ಬರುತ್ತದೆ. ಕೆಲವರಿಗೆ ಕಸಿಯಾಗಿ ಮೂರೇ ವರ್ಷವಾಗಿದ್ದರೆ ಅವರನ್ನು ಮೂರು ವರ್ಷದ ಲೆಕ್ಕಕ್ಕೆ ಸೇರಿಸಿ ಮುಂದೆ ಬಿಡುತ್ತಾರೆ. ಹೀಗೆ ಅರ್ಧದಾರಿಯಲ್ಲಿರುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಉಪಾಯವನ್ನು 1958ರಲ್ಲಿ ಕಪ್ಲಾನ್ ಮತ್ತು ಮೈಯರ್ ಎಂಬ ಇಬ್ಬರು ಅಮೆರಿಕನ್ ಸಂಖ್ಯಾಶಾಸ್ತ್ರಜ್ಞರು ಪ್ರಕಟಿಸಿದರು.

ಈ ಗುಣಾಕಾರದಲ್ಲಿ ಇನ್ನೊಂದು ವಿಷಯ ಅಡಗಿದೆ. ಅತಿ ದೊಡ್ಡ ಇಳಿತ ಮೊದಲ ವರ್ಷದ್ದು. ಶಸ್ತ್ರಕ್ರಿಯೆಯ ತೊಡಕು, ಸೋಂಕು, ದೇಹ ಹೊಸ ಅಂಗವನ್ನು ತಿರಸ್ಕರಿಸುವುದು, ಇವೆಲ್ಲ ಆಗ ಕಾಡುವಂಥವು. ಆಮೇಲಿನ ಒಂದೆರಡು ವರ್ಷ ಕ್ಯಾನ್ಸರ್ ಮರಳುವ ಭಯ. ಅವನ್ನು ದಾಟಿದವರಿಗೆ ಮುಂದಿನ ಪ್ರತಿ ವರ್ಷದ ಅಪಾಯ ಕಡಿಮೆ.

ತಾಯಿಯ ಎಣಿಕೆಯನ್ನೂ ತಿದ್ದಬೇಕು. 75 ಎಂಬುದು ಒಬ್ಬ ರೋಗಿಗೆ ಸಿಕ್ಕ ಅಂಕವಲ್ಲ. ಅದು ಗುಂಪಿನ ಗುಣ. ನೂರು ಮನೆಗಳಲ್ಲಿ 25 ಮನೆಯವರು ಐದು ವರ್ಷದೊಳಗೆ ತಮ್ಮವರನ್ನು ಕಳೆದುಕೊಂಡಿರುತ್ತಾರೆ. ಬದುಕಿ ಉಳಿದ 75 ಮಂದಿಯೂ ದಿನವೂ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತ, ಕಾಲಕಾಲಕ್ಕೆ ರಕ್ತ ಪರೀಕ್ಷೆ ಮಾಡಿಸುತ್ತ ಇರಬೇಕು. ಮಾತ್ರೆ ಬಿಟ್ಟರೆ ಅಂಗ ಕೈಬಿಟ್ಟೀತು.

ಕೊಡುವವರು ಯಾರು?

1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ನಂತರ ಭಾರತದಲ್ಲಿ ಈ ಚಿಕಿತ್ಸೆಗೆ ದಾರಿಯಾಯಿತು. 1998ರ ನವೆಂಬರಿನಲ್ಲಿ ದೆಹಲಿಯಲ್ಲಿ 20 ತಿಂಗಳ ಮಗುವಿಗೆ ತಂದೆಯ ಯಕೃತ್ತಿನ ಒಂದು ಭಾಗವನ್ನು ಕಸಿ ಮಾಡಲಾಯಿತು. ಆ ಮಗು ಬೆಳೆದು ವೈದ್ಯರಾದದ್ದು ಈಗ ಎಲ್ಲರಿಗೂ ತಿಳಿದ ಸಂಗತಿ. 2023ರಲ್ಲಿ ದೇಶದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಯಕೃತ್ತಿನ ಕಸಿಗಳಾದವು. ಅವುಗಳಲ್ಲಿ ಹೆಚ್ಚಿನವು ಜೀವಂತ ದಾನಿಗಳಿಂದ, ಎಂದರೆ ಮನೆಯವರಿಂದ.

ಔರಾದಿನ ಕುಟುಂಬದಲ್ಲಿ ಕಾನೂನಿನ ಪ್ರಕಾರ ಹತ್ತಿರದ ಸಂಬಂಧಿಗಳೆಂದರೆ ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು, ಅಜ್ಜ ಅಜ್ಜಿ ಮತ್ತು ಮೊಮ್ಮಕ್ಕಳು. ದಾನಿಗೆ 18 ವರ್ಷ ತುಂಬಿರಬೇಕು. ಭಾಲ್ಕಿಯ ಮಾಮಾ ಕೊಡಲು ಸಿದ್ಧರಿದ್ದರೂ ಅವರು ಈ ಪಟ್ಟಿಯಲ್ಲಿಲ್ಲ. ಸರ್ಕಾರ ನೇಮಿಸಿದ ಸಮಿತಿ ವಿಚಾರಣೆ ನಡೆಸಿ, ಹಣದ ವ್ಯವಹಾರವಿಲ್ಲವೆಂದು ಮನಗಂಡು ಅನುಮತಿ ಕೊಟ್ಟರೆ ಮಾತ್ರ ಅವರು ಕೊಡಬಹುದು. ಅಂಗದ ಮಾರಾಟ ಶಿಕ್ಷಾರ್ಹ ಅಪರಾಧ.

ಮಗನ ರಕ್ತದ ಗುಂಪು ಹೊಂದಿತು ಎಂದುಕೊಳ್ಳೋಣ. ಕಸಿ ಮಾಡುವ ತುಂಡು ಸಾಮಾನ್ಯವಾಗಿ ರೋಗಿಯ ತೂಕದ ನೂರಕ್ಕೆ 0.8 ಭಾಗಕ್ಕಿಂತ ಕಡಿಮೆ ಇರಬಾರದು. ತಂದೆಯ ತೂಕ 65 ಕಿಲೋ ಇದ್ದರೆ ಬೇಕಾದದ್ದು 520 ಗ್ರಾಂ. ಮಗನ ಯಕೃತ್ತು 1200 ಗ್ರಾಂ ಇದ್ದು, ಅದರ ಬಲಭಾಗ ನೂರಕ್ಕೆ 60 ಎಂದಾದರೆ ತಂದೆಗೆ 720 ಗ್ರಾಂ ಸಿಗುತ್ತದೆ. ಮಗನಿಗೆ 480 ಗ್ರಾಂ ಉಳಿಯುತ್ತದೆ. ದಾನಿಯಲ್ಲಿ ಕನಿಷ್ಠ ಮೂರನೆಯ ಒಂದು ಭಾಗವಾದರೂ ಉಳಿಯಬೇಕೆಂಬ ನಿಯಮ ಇಲ್ಲಿ ಪಾಲನೆಯಾಗುತ್ತದೆ. ಮಗನ ಯಕೃತ್ತು ಮತ್ತೆ ಬೆಳೆಯುತ್ತದೆ. ಆದರೂ ಇದು ದೊಡ್ಡ ಶಸ್ತ್ರಕ್ರಿಯೆ. ಬಲಭಾಗ ಕೊಟ್ಟ ದಾನಿಗಳಲ್ಲಿ ಸಾವಿರಕ್ಕೆ ಎರಡರಿಂದ ಐದು ಮಂದಿ ಪ್ರಾಣ ಕಳೆದುಕೊಂಡದ್ದುಂಟು. ಈ ಸಂಖ್ಯೆಯನ್ನು ಮಗನಿಂದಾಗಲಿ ತಾಯಿಯಿಂದಾಗಲಿ ಬಚ್ಚಿಡಬಾರದು. ಮಿಲಾನ್ ಮಾನದಂಡದ ಕಟ್ಟುನಿಟ್ಟಿಗೆ ಇದೂ ಒಂದು ಕಾರಣ. ಗಡ್ಡೆ ತೀರಾ ಮುಂದುವರಿದಿದ್ದಾಗ ವೈದ್ಯರು ಕಸಿ ಬೇಡವೆಂದರೆ ಅದು ನಿರ್ದಯತೆಯಲ್ಲ. ತಂದೆಗೆ ಉಪಯೋಗವಾಗದ ಕೆಲಸಕ್ಕೆ ಮಗನನ್ನು ಅಪಾಯಕ್ಕೆ ಒಡ್ಡಬಾರದೆಂಬ ವಿವೇಕ.

ಮನೆಯಲ್ಲಿ ದಾನಿ ಇಲ್ಲದಿದ್ದರೆ ಮಿದುಳು ಸತ್ತವರ ಅಂಗಕ್ಕಾಗಿ ಕಾಯಬೇಕು. ಕರ್ನಾಟಕದಲ್ಲಿ ಈ ಕೆಲಸವನ್ನು ಜೀವಸಾರ್ಥಕತೆ ಸಂಸ್ಥೆ, ತೆಲಂಗಾಣದಲ್ಲಿ ಜೀವನ್‌ದಾನ್ ನಿರ್ವಹಿಸುತ್ತವೆ. ಚಿಕಿತ್ಸೆ ನಡೆಯುವ ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸಬೇಕು. ಕಾಯುವುದು ಎಂಥ ಕಷ್ಟವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬೀದರ್ ಜಿಲ್ಲೆಗೆ ಹೊಂದಿಕೊಂಡಿರುವ ಲಾತೂರಿನವರಾದ ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್ ಅವರನ್ನು ಯಕೃತ್ತು ಮತ್ತು ಮೂತ್ರಪಿಂಡ ವಿಫಲವಾಗಿ ಕಸಿಗಾಗಿ ಚೆನ್ನೈಗೆ ಕರೆದೊಯ್ಯಲಾಗಿತ್ತು. ಅಂಗ ಸಕಾಲಕ್ಕೆ ಒದಗಲಿಲ್ಲ. 2012ರ ಆಗಸ್ಟ್ 14ರಂದು ಅವರು ನಿಧನರಾದರು. ಅಧಿಕಾರ, ಹಣ, ವಿಮಾನ ಎಲ್ಲ ಇದ್ದವರಿಗೂ ಅಂಗವನ್ನು ಇನ್ನೊಬ್ಬ ಮನುಷ್ಯನೇ ಕೊಡಬೇಕು. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಗಾಯಗೊಂಡು ಮಿದುಳು ನಿಷ್ಕ್ರಿಯವಾದ ನಟ ಸಂಚಾರಿ ವಿಜಯ್ ಅವರ ಕುಟುಂಬ ಆ ದುಃಖದ ನಡುವೆಯೂ ಅಂಗದಾನಕ್ಕೆ ಒಪ್ಪಿದ್ದನ್ನು ಇಲ್ಲಿ ನೆನೆಯಬೇಕು.

ಖರ್ಚೂ ಸಣ್ಣದಲ್ಲ. ಖಾಸಗಿ ಆಸ್ಪತ್ರೆಗಳಲ್ಲಿ ಅದು ಇಪ್ಪತ್ತು ಲಕ್ಷ ರೂಪಾಯಿ ದಾಟುವುದುಂಟು. ಬಡ ಕುಟುಂಬಗಳ ಅಂಗಾಂಗ ಕಸಿಗೆ ಕರ್ನಾಟಕದಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನೆರವಿನ ಯೋಜನೆ ಇದೆ. ಹೊಲ ಮಾರುವ ಮಾತಿಗೆ ಮೊದಲು ಅದನ್ನು ವಿಚಾರಿಸಬೇಕು.

ಎರಡರಿಂದ ಐದು ಸೆಂಟಿಮೀಟರ್

ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಇನ್ನು ಮುಂದಿದೆ. ಗಡ್ಡೆಯನ್ನು ಗೋಳವೆಂದು ಭಾವಿಸಿ. ಗೋಳದ ಗಾತ್ರ ವ್ಯಾಸದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. 2 ಸೆಂಟಿಮೀಟರಿನ ಗಡ್ಡೆ 5 ಸೆಂಟಿಮೀಟರ್ ಆಗಬೇಕಾದರೆ ವ್ಯಾಸ ಎರಡೂವರೆ ಪಟ್ಟು ಹೆಚ್ಚಬೇಕು. 2.5 × 2.5 × 2.5 = 15.6. ಅಂದರೆ ಗಾತ್ರ ಹೆಚ್ಚುಕಡಿಮೆ 16 ಪಟ್ಟು, ನಾಲ್ಕು ಸಲ ಇಮ್ಮಡಿ. ಈ ಕ್ಯಾನ್ಸರಿನ ಗಾತ್ರ ಇಮ್ಮಡಿಯಾಗಲು ಸರಾಸರಿ ಐದು ತಿಂಗಳು ಎಂದಿಟ್ಟುಕೊಂಡರೆ ನಾಲ್ಕು ಇಮ್ಮಡಿಗೆ 20 ತಿಂಗಳು. ಕೆಲವರಲ್ಲಿ ಇದು ಬೇಗ, ಕೆಲವರಲ್ಲಿ ನಿಧಾನ.

ಈ ಒಂದೂವರೆ, ಎರಡು ವರ್ಷ ರೋಗಿಗೆ ನೋವಿಲ್ಲ, ಜ್ವರವಿಲ್ಲ. ಗಡ್ಡೆ ಸುಮ್ಮನೆ ಬೆಳೆಯುತ್ತಿರುತ್ತದೆ. ನೋವು ಬಂದು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಬಹಳ ಮಂದಿಯ ಗಡ್ಡೆ ಮಿಲಾನ್ ಮಿತಿಯನ್ನು ದಾಟಿರುತ್ತದೆ. ಸಿರೋಸಿಸ್ ಇರುವವರೆಲ್ಲ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕೆಂದು ವೈದ್ಯರು ಹೇಳುವುದು ಈ ಕಾರಣಕ್ಕೆ. ಗಡಿಭಾಗದ ಜನ ಸೋನೋಗ್ರಫಿ ಎನ್ನುವ ಪರೀಕ್ಷೆ ಅದೇ. ಕಸಿಗೆ ಬೀದರಿನಿಂದ 140 ಕಿಲೋಮೀಟರ್ ದೂರದ ಹೈದರಾಬಾದಿಗೋ, 700 ಕಿಲೋಮೀಟರ್ ದೂರದ ಬೆಂಗಳೂರಿಗೋ ಹೋಗಬೇಕು. ಈ ಸ್ಕ್ಯಾನಿಂಗಿಗೆ ಅಷ್ಟು ದೂರ ಬೇಕಾಗಿಲ್ಲ. ಔರಾದ್ ಮತ್ತು ಭಾಲ್ಕಿಯಿಂದ ಬೀದರಿಗೆ ನಲವತ್ತು ಕಿಲೋಮೀಟರ್ ಆಸುಪಾಸು. ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ. ಐದು ವರ್ಷದ ಬದುಕಿನ ಪ್ರಮಾಣ ಕಸಿಯ ದಿನ ನಿರ್ಧಾರವಾಗುವುದಿಲ್ಲ. ಗಡ್ಡೆ ಕಂಡುಹಿಡಿದ ದಿನವೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಕಾಮಣಿಗೆ ಮೂಲಿಕೆಯ ಔಷಧಿ ಕುಡಿಯುತ್ತ ತಿಂಗಳುಗಟ್ಟಲೆ ಕಳೆಯುವವರು ಕಳೆದುಕೊಳ್ಳುವುದು ಈ ದಿನಗಳನ್ನೇ.

ಮಕ್ಕಳ ರಕ್ತಪರೀಕ್ಷೆ

ಮತ್ತೆ ಆ ಮನೆಗೆ ಬರೋಣ. ಅವರ ಗಡ್ಡೆ 4 ಸೆಂಟಿಮೀಟರ್, ಒಂದೇ ಒಂದು. ರಕ್ತನಾಳ ಶುದ್ಧವಿದ್ದರೆ ಅವರು ಮಿತಿಯೊಳಗಿದ್ದಾರೆ. ಮಗ ವೈದ್ಯರನ್ನು ಮತ್ತೊಮ್ಮೆ ಕಂಡು ನಾಲ್ಕು ಪ್ರಶ್ನೆ ಕೇಳಬೇಕು. ಗಡ್ಡೆ ರಕ್ತನಾಳವನ್ನು ಮುಟ್ಟಿದೆಯೇ? ಕಸಿಯ ದಿನದವರೆಗೆ ಅದು ಬೆಳೆಯದಂತೆ ಏನು ಮಾಡುತ್ತೀರಿ? ನಿಮ್ಮ ಆಸ್ಪತ್ರೆಯಲ್ಲಿ ಇಂಥ ರೋಗಿಗಳ ಒಂದು ಮತ್ತು ಐದು ವರ್ಷದ ಲೆಕ್ಕ ಎಷ್ಟಿದೆ? ದಾನಿಗಳಲ್ಲಿ ತೊಂದರೆಯಾದವರು ಎಷ್ಟು? ಉತ್ತರ ಬಂದ ಮೇಲೆ ತಾಯಿ, ಮಾಮಾ, ಮಗ ಕೂತು ನಿರ್ಧರಿಸಲಿ. ತಂದೆಯ ಮಾತನ್ನೂ ಕೇಳಲಿ. ಮಗನ ಯಕೃತ್ತನ್ನು ಪಡೆಯಲು ತಂದೆ ಒಪ್ಪದೆ ಇರಬಹುದು. ಅದೂ ಅವರ ಹಕ್ಕು.

ದಾನಕ್ಕೆ ಮೊದಲು ಮಗನ ರಕ್ತಪರೀಕ್ಷೆ ಆಗುತ್ತದೆ. ಅದರಲ್ಲಿ ಹೆಪಟೈಟಿಸ್ ಬಿ ಪರೀಕ್ಷೆಯೂ ಸೇರಿದೆ. ತಂದೆಗೆ ಆ ವೈರಸ್ ಇದ್ದರೆ ಮಗ ಮಾತ್ರವಲ್ಲ, ಮಗಳು, ತಾಯಿ ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇಲ್ಲವೆಂದು ಬಂದವರು ಲಸಿಕೆ ಹಾಕಿಸಿಕೊಳ್ಳಬೇಕು. ಈ ವೈರಸನ್ನು ಪತ್ತೆ ಮಾಡಿದ ಬರೂಕ್ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಹುಮಾನ ಬಂತು. ತೈವಾನ್ 1984ರಲ್ಲಿ ಶಿಶುಗಳಿಗೆ ಲಸಿಕೆ ಹಾಕಲು ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ 6ರಿಂದ 14 ವಯಸ್ಸಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಹತ್ತು ಲಕ್ಷಕ್ಕೆ 7ರಿಂದ 3.6ಕ್ಕೆ ಇಳಿಯಿತು. ಯಾವ ಶಸ್ತ್ರವೈದ್ಯರೂ ಇಲ್ಲದೆ ಆದ ಲಾಭ ಇದು. ಭಾರತದಲ್ಲಿ 2011ರ ಹೊತ್ತಿಗೆ ಈ ಲಸಿಕೆ ದೇಶದಾದ್ಯಂತ ಸಾರ್ವತ್ರಿಕ ಕಾರ್ಯಕ್ರಮಕ್ಕೆ ಸೇರಿತು. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಕೊಡಬೇಕು. ಅದಕ್ಕೆ ಮೊದಲು ಹುಟ್ಟಿದ ಈಗಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಹಲವರಿಗೆ ಅದು ಸಿಕ್ಕಿರಲಾರದು. ತಮಗೆ ಸಿಕ್ಕಿದೆಯೇ ಎಂದು ತಾಯಿಯನ್ನು ಕೇಳಿ ತಿಳಿಯಬಹುದು. ಹೆಪಟೈಟಿಸ್ ಸಿ ವೈರಸಿಗೆ ಲಸಿಕೆ ಇಲ್ಲದಿದ್ದರೂ ಗುಣಪಡಿಸುವ ಮಾತ್ರೆಗಳಿವೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಚಿಕಿತ್ಸೆ ಉಚಿತ.

ಕೊನೆಗೆ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. 3 ಸೆಂಟಿಮೀಟರ್ ವ್ಯಾಸದ ಗಡ್ಡೆ 6 ಸೆಂಟಿಮೀಟರ್ ಆಗಬೇಕಾದರೆ ಅದರ ಗಾತ್ರ ಎಷ್ಟು ಪಟ್ಟು ಹೆಚ್ಚಬೇಕು? ಎಷ್ಟು ಸಲ ಇಮ್ಮಡಿಯಾಗಬೇಕು? ಒಂದು ಇಮ್ಮಡಿಗೆ ಐದು ತಿಂಗಳಾದರೆ ಒಟ್ಟು ಎಷ್ಟು ತಿಂಗಳು? ಅಷ್ಟರಲ್ಲಿ ಆರು ತಿಂಗಳಿಗೊಂದರಂತೆ ಎಷ್ಟು ಸ್ಕ್ಯಾನಿಂಗ್ ಮಾಡಿಸಬಹುದಿತ್ತು? ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದು ಮುಚ್ಚಿಡಬೇಡಿ. ರಾತ್ರಿ ಊಟದ ಹೊತ್ತಿಗೆ ಮನೆಯ ಹಿರಿಯರಿಗೂ ಬಿಡಿಸಿ ಹೇಳಿ.